ತಾಯಂದಿರೇ, ಸಂಕೋಚ ಬಿಟ್ಟು ಬನ್ನಿ

ಬೆಳಗ್ಗೆಯಿಂದ ಒಂದೇ ಪ್ರಶ್ನೆ ಕೇಳಿ ಕೇಳಿ ನರ್ಸಿಂಗ್ ವಿದ್ಯಾರ್ಥಿನಿ ಸರ್ವಮಂಗಳಾಗೆ ತನ್ನ ಬಾಯಿ ತನ್ನದಲ್ಲ, ಟೋಪಿ ಬೆಲ್ಟುಗಳ ಜೊತೆಗೆ ಮೇಟ್ರನ್ ಸ್ಟೋರಿನಿಂದ ಕೊಡಿಸಿದ ಇನ್ನೊಂದು ಸರ್ಕಾರಿ ಸಾಮಾನು ಅನ್ನಿಸತೊಡಗಿತ್ತು. 'ಹೊರಗಾಗಿದ್ದೀರಾ?' ಆಗಿದ್ದೇನೆ ಎಂದವರಿಗೆ, 'ನಿಂತ ಮೇಲೆ ಬನ್ನಿ.' ಆಗಿಲ್ಲ ಎಂದವರಿಗೆ, 'ಒಳಗೆ ಹೋಗಿ.' ಆಸ್ಪತ್ರೆಯ ಜಗಲಿಯಲ್ಲಿ ಬೆಂಚು ಹಾಕಿಕೊಂಡು ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹೆಂಗಸರನ್ನು ಆರಿಸುವುದೇ ಈ ಮಹಿಳಾ ಆರೋಗ್ಯ ಸಪ್ತಾಹದಲ್ಲಿ ಅವಳ ಪಾಲಿಗೆ ಬಂದ ಸೇವೆ. ಒಳಗೆ ಪರದೆಯ ಆಚೆ, ಇಂಗ್ಲೆಂಡಿಗೆ ಹೋಗಿ ಬಂದ ಡಾಕ್ಟರ್ ಶಾಂತಾದೇವಿಯವರು ಗರ್ಭಕೋಶದ ಕೊರಳಿನಿಂದ ಮರದ ಕಡ್ಡಿಯಲ್ಲಿ ಒಂದಿಷ್ಟು ಸವರಿ ತೆಗೆದು ಗಾಜಿನ ಪಟ್ಟಿಗೆ ಬಳಿಯುತ್ತಿದ್ದರು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಕ್ಯಾನ್ಸರು ಕಾಲಿಡುವ ಮೊದಲೇ ಅದರ ನೆರಳು ಕಾಣುತ್ತದಂತೆ. ರಕ್ತ ಬೆರೆತರೆ ಗಾಜಿನ ಮೇಲೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಮುಟ್ಟಾದವರು ಇವತ್ತು ಬೇಡ ಎಂದು ಡಾಕ್ಟರು ಮೇಟ್ರನ್ನಿಗೆ ಹೇಳಿದ್ದು ಒಂದು ಮಾತು, ಅಷ್ಟೆ. ಮೇಟ್ರನ್ನಿನ ಕಿವಿಗೆ ಬಿದ್ದ ಮಾತು ಕಾನೂನಾಗದೆ ಹೊರಗೆ ಬರುವುದುಂಟೆ? ಜಗಲಿಗೆ ಬರುವಷ್ಟರಲ್ಲಿ ಅದು, ರಕ್ತ ಕಂಡವರು ಯಾರೇ ಆಗಲಿ ಹೊಸ್ತಿಲು ದಾಟಕೂಡದು ಎಂದಾಗಿತ್ತು. ಊರಿನ ಮನೆಗಳಲ್ಲೂ ಅದೇ ಕಾನೂನು ಇದ್ದುದರಿಂದ ಯಾವ ಹೆಂಗಸೂ ಯಾಕೆ ಎಂದು ಕೇಳಲಿಲ್ಲ. ಕೇಳುವುದಕ್ಕೆ ಸರ್ವಮಂಗಳಾಗೂ ತೋಚಲಿಲ್ಲ. ತೋಚಿತ್ತು. ತೋಚಿದ್ದನ್ನು ಟೋಪಿಯ ಕೆಳಗೆ ಪಿನ್ನು ಹಾಕಿ ಬಿಗಿದಿಟ್ಟಿದ್ದಳು.

"ಎಷ್ಟಜ್ಜಿ ವಯಸ್ಸು?" ಪಕ್ಕದಲ್ಲಿ ಕೂತ ಬೆಟ್ಟಮ್ಮ ಕೇಳುತ್ತಿದ್ದಳು. ಇಲವಾಲದ ಹೊಲಗೆಲಸದ ಮನೆಯಿಂದ ಬಂದ ಬೆಟ್ಟಮ್ಮ ಸರ್ವಮಂಗಳಾಳ ಬ್ಯಾಚಿನವಳು, ಒಂದೇ ರೂಮಿನವಳು. ಅವಳ ಬಾಯಿಗೆ ಹಾಸ್ಟೆಲಿನ ವಾರ್ಡನ್ನೂ ಹೆದರುತ್ತಿದ್ದರು.

"ಯಾರಿಗ್ ಗೊತ್ತವ್ವಾ," ಮೇಟಗಳ್ಳಿ ಕಡೆಯಿಂದ ನಡೆದು ಬಂದಿದ್ದ ಮುದುಕಿ ಕಾಲು ನೀವಿಕೊಂಡಳು. "ದೊಡ್ ಜ್ವರ ಬಂದು ಮನೆಮನೇಲೂ ಎಣ ಎತ್ತುದ್ರಲ್ಲ, ಆಗ ನಾನು ಮೈನೆರ್ದಿದ್ದೆ."

"ಹೊರಗಾಗಿದ್ದೀರಾ?" ಎಂದು ಸರ್ವಮಂಗಳಾಳ ಬಾಯಿ ಕೇಳಿತು.

"ಊಂ ಕಣವ್ವ. ಈ ವಯಸ್ನಲ್ಲಿ ನೋಡು, ನಿಂತೋಗಿದ್ದು ಮತ್ತೆ ಸುರುವಾಗದೆ."

"ತಾತಂಗೆ ಉಸಾರಾಗಿರು ಅನ್ನಜ್ಜೀ!" ಎಂದಳು ಬೆಟ್ಟಮ್ಮ. ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುದುಕಿಯೂ ನಕ್ಕಳು, ಇದ್ದ ಒಂದೆರಡು ಹಲ್ಲನ್ನು ತೋರಿಸಿ, ತಾತ ಸತ್ತು ಯಾವ ಕಾಲವಾಯಿತು ಎಂದು ಹೇಳಿ ಇನ್ನಷ್ಟು ನಗಿಸಿದಳು. ಸರ್ವಮಂಗಳಾ ಕೂಡ ನಕ್ಕಳು. ನಗುತ್ತಿರುವಾಗಲೇ ತಲೆಯೊಳಗೆ ಇನ್ನೊಂದು ಸರ್ವಮಂಗಳಾ ಎದ್ದು ನಿಂತು, ಕ್ಲಾಸಿನಲ್ಲಿ ಒಪ್ಪಿಸಿದಂತೆ ಒಪ್ಪಿಸಿದಳು: ಮುಟ್ಟು ಪೂರ್ತಿ ನಿಂತ ಹೆಂಗಸಿಗೆ ಮತ್ತೆ ರಕ್ತ ಕಂಡರೆ, ಬೇರೆ ಕಾರಣ ಸಿಗುವ ತನಕ ಅದನ್ನು ಕ್ಯಾನ್ಸರೆಂದೇ ತಿಳಿಯತಕ್ಕದ್ದು. ಪರೀಕ್ಷೆಯಲ್ಲಿ ಈ ಉತ್ತರ ಬರೆದು ಸರ್ವಮಂಗಳಾ ಮೊದಲನೆಯವಳಾಗಿದ್ದಳು. ಬೆಟ್ಟಮ್ಮನೂ ಬರೆದಿದ್ದಳು. ಆದರೆ ಪರೀಕ್ಷೆಯ ಹೆಂಗಸು ಪರೀಕ್ಷೆಯಲ್ಲಿರುತ್ತಾಳೆ. ಮೇಟಗಳ್ಳಿಯಿಂದ ನಡೆದು ಬಂದು ಕಾಲು ನೀವಿಕೊಳ್ಳುವುದಿಲ್ಲ. "ನಿಂತ ಮೇಲೆ ಬಾಜ್ಜಿ," ಎಂದಿತು ಬಾಯಿ. ಮುದುಕಿ ಒಳ್ಳೆಯ ಮಾತು ಕೇಳಿದವಳಂತೆ ಕೈಮುಗಿದು ಹೋದಳು.

ಕೈಮುಗಿದದ್ದೇ ಚುಚ್ಚಿತು. ಭಾನುವಾರ ಕೆಸರೆಯ ಮನೆಗೆ ಹೋದಾಗ ಹಿತ್ತಿಲ ಜಗಲಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದ ಅವ್ವನೂ ಹೀಗೇ ಕೈಯೆತ್ತಿ, ದೂರ ಇರು, ಮುಟ್ಟಬೇಡ ಎಂದು ಸನ್ನೆ ಮಾಡಿದ್ದಳು. ಅವ್ವ, ಪುಟ್ಟಬಸಮ್ಮ, ಸರ್ವಮಂಗಳಾ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಆ ಗೋಣಿಚೀಲವನ್ನು ಮಡಿಸಿಟ್ಟವಳು. ಇನ್ನು ಇದರ ಹಂಗಿಲ್ಲ, ನಾನೂ ಗಂಡಸಾದೆ ಎಂದು ಅಡುಗೆಮನೆಯಲ್ಲಿ ನಕ್ಕವಳು. ಈಗ ಅದೇ ಗೋಣಿಚೀಲ, ಅದೇ ನೀರಿನ ಚೊಂಬು. 'ನಿಮ್ಮವ್ವನಿಗೆ ಪ್ರಾಯ ವಾಪಸ್ ಬಂದದೆ ಕಣೇ' ಎಂದು ಸೋದರತ್ತೆ ಅಡುಗೆಮನೆಯಿಂದ ಕೂಗಿ ಹೇಳಿದ್ದಳು. ಬೀದಿಗೆಲ್ಲ ಗೊತ್ತಿತ್ತು. ಪುಟ್ಟಬಸಮ್ಮ ಯಾವತ್ತು ಹೊರಗೆ ಕೂತಳು, ಯಾವತ್ತು ಒಳಗೆ ಬಂದಳು, ಮತ್ತೆ ಎಷ್ಟು ಬೇಗ ಹೊರಗಾದಳು ಎಂಬುದು ಹಾಲು ಹಾಕುವವಳಿಂದ ಹಿಡಿದು ಎಲ್ಲರಿಗೂ ಬಾಯಿಪಾಠವಾಗಿತ್ತು. ಒಂದು ಹೆಂಗಸಿನ ರಕ್ತದ ಮೇಲೆ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಕಾವಲು ಕಾಯುವ ಊರು, ಅದು ಯಾಕೆ ಬಂತು ಎಂದು ಮಾತ್ರ ಕೇಳುವುದಿಲ್ಲ. ಸರ್ವಮಂಗಳಾ ಹತ್ತಿರ ಹೋಗಿದ್ದಳು. ವಾಸನೆ ಬಡಿದಿತ್ತು. ಮುಟ್ಟಿನ ವಾಸನೆಯಲ್ಲ. ವಾರ್ಡಿನ ಮೂಲೆಯ ಮಂಚದ ಹತ್ತಿರ ಬರುವ ವಾಸನೆ, ಎಷ್ಟು ಫಿನೈಲು ಹಾಕಿ ಒರೆಸಿದರೂ ಹೋಗದ್ದು, ಗೊತ್ತಾದವರಿಗೆ ಒಂದೇ ಸಲಕ್ಕೆ ಗೊತ್ತಾಗುವಂಥದ್ದು. ಗೊತ್ತಾಗಿತ್ತು. 'ಚೆನ್ನಾಗಿದ್ದೀಯೇನವ್ವಾ' ಎಂದು ಕೇಳಿ, ಅತ್ತೆ ಕೊಟ್ಟ ರೊಟ್ಟಿ ತಿಂದು, ಸಾಯಂಕಾಲದ ಬಸ್ಸು ಹಿಡಿದು ಹಾಸ್ಟೆಲಿಗೆ ಬಂದಿದ್ದಳು.

ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಿದರೆ ಅವಳ ಬಳಿ ಉತ್ತರವಿತ್ತು, ಆದರೆ ಹೇಳುವಂಥದ್ದಲ್ಲ. ಒಳಗಿನ ಪರೀಕ್ಷೆಯ ಮೇಜಿನ ಸುತ್ತ ವಿದ್ಯಾರ್ಥಿನಿಯರು ಅರ್ಧಚಂದ್ರಾಕಾರದಲ್ಲಿ ನಿಲ್ಲುವ ಸಾಲಿನಲ್ಲಿ ತಾನೂ ನಿಂತವಳಲ್ಲವೇ. ಹೆಂಗಸಿನ ಮುಖದ ಮೇಲೆ ಅವಳದೇ ಸೆರಗು ಎಳೆದು, ಮಿಕ್ಕದ್ದನ್ನೆಲ್ಲ ಬೆಳಕಿಗೆ ತೆರೆದಿಟ್ಟು, ನೋಡಿ ಹುಡುಗಿಯರೇ ಎನ್ನುತ್ತಾರೆ. ಹುಡುಗಿಯರು ನೋಡುತ್ತಾರೆ. ರಾತ್ರಿ ಊಟದ ಹೊತ್ತಿಗೆ ಬೆಟ್ಟಮ್ಮ ಅದನ್ನು ಅನುಕರಣೆ ಮಾಡಿ ತೋರಿಸುತ್ತಾಳೆ, ಅನ್ನ ನೆತ್ತಿಗೇರುವ ಹಾಗೆ ಎಲ್ಲರೂ ನಗುತ್ತಾರೆ. ಆ ಸೆರಗಿನ ಕೆಳಗೆ ಅವ್ವ ಮಲಗುವುದನ್ನು ಸರ್ವಮಂಗಳಾ ನೆನೆಯುತ್ತಾಳೆ, ಕೂಡಲೇ ಬೇರೆ ಏನನ್ನೋ ನೆನೆಯುತ್ತಾಳೆ. ಅದೂ ಅಲ್ಲದೆ ಹಾಸ್ಟೆಲಿನಲ್ಲಿ ಅವ್ವನ ಬಗ್ಗೆ ಅವಳು ಹೇಳಿಕೊಂಡಿದ್ದೇ ಬೇರೆ. 'ನಮ್ಮ ಮದರ್ ಮಹಿಳಾ ಸಮಾಜಕ್ಕೆ ಹೋಗ್ತಾರೆ, ಪೇಪರ್ ಓದ್ತಾರೆ.' ಆ ಮದರು ಕನ್ನಡಕ ಹಾಕುತ್ತಿದ್ದರು, ವೀಣೆ ಕೂಡ ಸ್ವಲ್ಪ ಬರುತ್ತಿತ್ತು. ಹೆಬ್ಬೆಟ್ಟೊತ್ತುವ, ತಂಬಾಕು ಜಗಿಯುವ ಪುಟ್ಟಬಸಮ್ಮ ಈ ಮದರಿನ ಜಾಗದಲ್ಲಿ ಬಂದು ಮಲಗುವುದು ಹೇಗೆ?

ಬೆಟ್ಟಮ್ಮ ಮೊಣಕೈಯಲ್ಲಿ ತಿವಿದಳು. "ಯಾವ ಲೋಕ್ದಲ್ಲಿದ್ದೀಯೇ? ಮಧ್ಯಾಹ್ನದ ಭಾಷಣ ಬಾಯಿಪಾಠ ಆಯ್ತಾ?"

"ಪಾಠ ಮಾಡೋಕೆ ಏನು ಉಳಿದಿದೆ ಅದ್ರಲ್ಲಿ," ಎಂದಳು ಸರ್ವಮಂಗಳಾ.

ನಿಜಕ್ಕೂ ಏನೂ ಉಳಿದಿರಲಿಲ್ಲ. ವಿದ್ಯಾರ್ಥಿನಿಯರ ಪರವಾಗಿ ಗರ್ಭಕೊರಳಿನ ಕ್ಯಾನ್ಸರಿನ ಬಗ್ಗೆ ಸರ್ವಮಂಗಳಾ ಮಾತಾಡಬೇಕೆಂದು ನಿಶ್ಚಯವಾಗಿತ್ತು. ಬರೆದದ್ದನ್ನು ಸಪ್ತಾಹ ಸಮಿತಿಯ ಅಧ್ಯಕ್ಷರಾದ ವೆಂಕಟಸುಬ್ಬಯ್ಯನವರಿಗೆ ತೋರಿಸಬೇಕಿತ್ತು. ಮಹಾರಾಜರ ಕಾಲದಲ್ಲಿ ಅಮಲ್ದಾರರಾಗಿದ್ದು, ಈಗ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಎಲ್ಲ ಸಮಿತಿಗಳಿಗೂ ಅಧ್ಯಕ್ಷರಾಗಿರುವ ಅವರು ಕೆಂಪು ಪೆನ್ಸಿಲು ತೆಗೆದುಕೊಂಡು ಕೂತರು. 'ರಕ್ತ ಅನ್ನೋದು ಸಭೆಗೆ ಅಷ್ಟು ಚೆನ್ನಾಗಿರೋಲ್ಲಮ್ಮ, ಮಂಗಳ ಕಾರ್ಯ' ಎಂದು ರಕ್ತವನ್ನು ಹೊಡೆದು ಹಾಕಿದರು. ಗರ್ಭಕೋಶಕ್ಕೆ ಕೊರಳಿದೆ ಎಂದು ಕೇಳಿ ಅವರ ಕೊರಳೇ ಕೆಂಪಾಯಿತು. 'ಆ ಭಾಗ' ಎಂದು ತಿದ್ದಿದರು. ಮುಟ್ಟು ಎಂಬಲ್ಲಿ 'ಮಾಸಿಕ ಅನಾನುಕೂಲ' ಎಂದು ಬರೆದು, ಸ್ವಲ್ಪ ಯೋಚಿಸಿ ಅದನ್ನೂ ಹೊಡೆದು 'ಅನಾನುಕೂಲ' ಎಂದಷ್ಟೇ ಉಳಿಸಿದರು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಎಂಬ ಇಡೀ ವಾಕ್ಯ ಹೋಯಿತು. ಕೊನೆಗೆ ಉಳಿದದ್ದು, ಆ ಭಾಗದಲ್ಲಿ ಅನಾನುಕೂಲವಾದ ಮಾತೆಯರು ತಡಮಾಡದೆ ತಜ್ಞರನ್ನು ಕಾಣತಕ್ಕದ್ದು ಎಂಬುದು, ಮತ್ತು ಭಾರತೀಯ ನಾರಿಯ ಬಗ್ಗೆ ಅವರೇ ಸೇರಿಸಿದ ಒಂದು ಪುಟ. 'ಈಗ ನೋಡು, ಎಷ್ಟು ಗಂಭೀರವಾಗಿದೆ' ಎಂದು ಹಿಂದಿರುಗಿಸಿದ್ದರು. ಬೆಟ್ಟಮ್ಮ ಅದನ್ನು ಓದಿ, 'ಇದ್ನ ಕೇಳಿದ ಎಂಗಸ್ರು ಹಲ್ಲುನೋವಿನ ಡಾಕ್ಟ್ರ ಅತ್ರ ಓಗ್ತಾರೆ' ಎಂದಿದ್ದಳು.

ಆ ಸಭೆಯಲ್ಲಿ ಇನ್ನೊಂದು ಭಾಷಣ ಅಪ್ಪಾಜಿಯದು. ಸದಾಶಿವಯ್ಯನವರಿಗೆ ಕೆಸರೆಯಲ್ಲಿ ದಿನಸಿ ಅಂಗಡಿ, ನಾಲಿಗೆಯಲ್ಲಿ ಸಮಾಜ ಸುಧಾರಣೆ. ನಮ್ಮ ಧರ್ಮದಲ್ಲಿ ಸೂತಕವಿಲ್ಲ, ಹೆಣ್ಣು ಮೈಲಿಗೆಯಲ್ಲ ಎಂದು ಮಠದ ಸಭೆಯಲ್ಲಿ ಅವರು ಎದೆ ತಟ್ಟಿ ಹೇಳುವಾಗ ಎಷ್ಟೋ ಹೆಂಗಸರು ಕಣ್ಣೊರೆಸಿಕೊಂಡಿದ್ದಾರೆ. ಪುಟ್ಟಬಸಮ್ಮ ಕೇಳಿಲ್ಲ; ಸಭೆಗೆ ಅವಳು ಹೋದದ್ದಿಲ್ಲ. ಮನೆಯಲ್ಲಿ ಸೂತಕ ಯಾಕಿದೆ ಎಂದು ಒಮ್ಮೆ ಸರ್ವಮಂಗಳಾ ಕೇಳಿದ್ದಕ್ಕೆ, 'ಅದು ಧರ್ಮ ಅಲ್ಲಮ್ಮ, ಶುಚಿತ್ವ. ನೀನೇ ನರ್ಸು, ನಿನಗೆ ಹೇಳ್ಕೊಡಬೇಕೇ?' ಎಂದಿದ್ದರು. ಮಗಳನ್ನು ನರ್ಸಿಂಗಿಗೆ ಸೇರಿಸಿದ್ದು ಅವರ ಸುಧಾರಣೆಯ ಕಿರೀಟ. ಆ ಕಿರೀಟ ಭಾನುವಾರ ಮನೆಗೆ ಬಂದರೆ ಮೊದಲು ಹಿತ್ತಿಲಲ್ಲಿ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಾಯಿಸಿ, ಆಮೇಲೆ ಒಳಗೆ ಬರಬೇಕು. ಯಾರು ಯಾರನ್ನೋ ಮುಟ್ಟಿರುತ್ತದಲ್ಲ. ಹೀಗೆ ತಾಯಿಯೂ ಮಗಳೂ ಹಿತ್ತಿಲಲ್ಲೇ ಭೇಟಿಯಾಗುವುದು ರೂಢಿಯಾಗಿತ್ತು. ಇಬ್ಬರಿಗೂ ಅದರಲ್ಲಿ ಒಂದು ಸುಖವಿತ್ತು ಎಂದು ಸರ್ವಮಂಗಳಾಗೆ ಈಗ ಅನ್ನಿಸಿತು.

"ಮುಂದಿನೋರು ಬನ್ರವ್ವಾ," ಎಂದಳು ಬೆಟ್ಟಮ್ಮ.

ಮುಂದೆ ಬಂದವಳು ಅವ್ವ.

ಸರ್ವಮಂಗಳಾ ಮೊದಲು ನೋಡಿದ್ದು ಸೀರೆಯನ್ನು. ಮದುವೆಮುಂಜಿಗೆ ಉಡುವ ಹಸಿರು ಸೀರೆ. ಕಪ್ಪು ಟ್ರಂಕಿನಲ್ಲಿ ಇದ್ದ ಮಡಿಕೆಗಳೆಲ್ಲ ಹಾಗೇ ಗೆರೆ ಬಿದ್ದಿದ್ದವು. ಹಣೆ ತುಂಬ ವಿಭೂತಿ. ಅವ್ವ ಅವಳನ್ನು ನೋಡಲಿಲ್ಲ. ಬೆಟ್ಟಮ್ಮನನ್ನೂ ನೋಡಲಿಲ್ಲ. ಇಬ್ಬರ ನಡುವಿನ ಗೋಡೆಯಲ್ಲಿ ತೂಗುಹಾಕಿದ್ದ, ವೆಂಕಟಸುಬ್ಬಯ್ಯನವರ ಆಜ್ಞೆಯ ಮೇರೆಗೆ ಸೊಂಟದ ಕೆಳಗೆ ಕಾಗದ ಅಂಟಿಸಿದ್ದ ಹೆಣ್ಣಿನ ಅಂಗರಚನೆಯ ಪಟವನ್ನು ನೋಡುತ್ತ ನಿಂತಳು.

"ಎಸ್ರು?" ಎಂದಳು ಬೆಟ್ಟಮ್ಮ.

"ದೇವಿರಮ್ಮ," ಎಂದಳು ಪುಟ್ಟಬಸಮ್ಮ.

ಸರ್ವಮಂಗಳಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವ್ವನಿಗೆ ಗೊತ್ತು. ಮಗಳು ತನ್ನನ್ನು ಈ ಹುಡುಗಿಯರ ಮುಂದೆ ಗುರುತು ಹಿಡಿಯಲು ಇಷ್ಟಪಡುವುದಿಲ್ಲ ಎಂದು ಅವ್ವನಿಗೆ ಗೊತ್ತು. ಎಷ್ಟು ದಿನದಿಂದ ಗೊತ್ತೋ. ಹಾಸ್ಟೆಲಿಗೆ ಬರಬೇಡ, ಹಾಸ್ಟೆಲಿನವರಿಗೆ ಹಿಡಿಸುವುದಿಲ್ಲ ಎಂದು ಮಗಳು ಹೇಳಿದಾಗ ತಲೆಯಾಡಿಸಿದ್ದಳಲ್ಲ, ಆವತ್ತೇ ಗೊತ್ತಾಗಿರಬೇಕು. ಬರುವ ದಾರಿಯುದ್ದಕ್ಕೂ ಯಾವ ಹೆಸರು ಹೇಳಲಿ ಎಂದು ಯೋಚಿಸಿಕೊಂಡು ಬಂದಿದ್ದಾಳೆ. ಮಗಳ ಮರ್ಯಾದೆಗೆ ಒಪ್ಪುವ ಒಂದು ಹೆಸರು.

"ವಯಸ್ಸು?"

"ಐವತ್ತರ ಮೇಲಾಗದೆ."

ಈಗ ಸರ್ವಮಂಗಳಾಳ ಸರದಿ. ಬೆಟ್ಟಮ್ಮ ಅವಳ ಕಡೆ ತಿರುಗಿದಳು. ಸಾಲಿನಲ್ಲಿ ಯಾವುದೋ ಮಗು ಅಳುತ್ತಿತ್ತು. ಎದ್ದು ನಿಂತು ಕೈಹಿಡಿದು, ಇವರು ನಮ್ಮವ್ವ, ಎಂದು ಹೇಳಿದ್ದರೆ ಅಷ್ಟು ಸಾಕಿತ್ತು. ಎರಡು ಶಬ್ದ. ವೆಂಕಟಸುಬ್ಬಯ್ಯನವರ ಕೆಂಪು ಪೆನ್ಸಿಲಿಗೂ ಅದರಲ್ಲಿ ಹೊಡೆದು ಹಾಕುವಂಥದ್ದೇನೂ ಸಿಗುತ್ತಿರಲಿಲ್ಲ.

"ಹೊರಗಾಗಿದ್ದೀರಾ?" ಎಂದಿತು ಬಾಯಿ.

ಪುಟ್ಟಬಸಮ್ಮ ಪಟವನ್ನೇ ನೋಡುತ್ತ, "ಊಂ," ಎಂದಳು.

"ನಿಂತ ಮೇಲೆ ಬನ್ನಿ."

ಆ 'ಬನ್ನಿ'ಯ ಬಹುವಚನ ಅವ್ವನಿಗೆ ಹುಟ್ಟಿದಂದಿನಿಂದ ಯಾರಿಂದಲೂ ಸಿಕ್ಕಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು, ಹೋಗಿಬರ್ತೀನವ್ವಾ ಎಂದು ಯಾರಿಗೂ ಅಲ್ಲದಂತೆ ಹೇಳಿದಳು, ಹೋದಳು. ಹೋಗುವಾಗ ಕಾಲು ಸ್ವಲ್ಪ ಅಗಲಿಸಿ, ಜೋಪಾನವಾಗಿ ನಡೆಯುತ್ತಿದ್ದಳು. ಸರ್ವಮಂಗಳಾಗೆ ಆಗ ಅನ್ನಿಸಿದ್ದು ದುಃಖವಲ್ಲ, ಪಶ್ಚಾತ್ತಾಪವಲ್ಲ. ಪೋಲೀಸಿನವನು ಪಕ್ಕದ ಮನೆಯ ಬಾಗಿಲು ತಟ್ಟಿ ಮುಂದೆ ಹೋದಾಗ ಆಗುವಂಥ ಸಮಾಧಾನ. ಕಾನೂನು ತಾನು ಮಾಡಿದ್ದಲ್ಲವಲ್ಲ. ನಿಂತ ಮೇಲೆ ಬರಲಿ. ಬಂದೇ ಬರುತ್ತಾಳೆ. ಅದು ನಿಲ್ಲುವಂಥದ್ದಲ್ಲ ಎಂದು ಒಳಗಿನ ಮೊದಲನೇ ನಂಬರಿನ ವಿದ್ಯಾರ್ಥಿನಿ ಪಿಸುಗುಟ್ಟಿದಳು. ಅವಳ ಬಾಯಿ ಮುಚ್ಚಿಸಿ, "ಮುಂದಿನೋರು," ಎಂದಳು.

ಊಟದ ಹೊತ್ತಿಗೆ ಸಾಲು ಕರಗಿತು. ಹುಡುಗಿಯರು ಹಾಸ್ಟೆಲಿನಲ್ಲಿ ಊಟಕ್ಕೆ ಕೂತರು. ಮೇಟ್ರನ್ ಬಂದು, ಮದುವೆಯಾಗದ ಹುಡುಗಿಯರು ಈ ಪರೀಕ್ಷೆಯ ಬಗ್ಗೆ ತಿಳಿದರೆ ಸಾಕು, ಮಾಡಿಸಿಕೊಳ್ಳುವ ಮಾತು ಆಡಕೂಡದು, ಯಾರಾದರೂ ಆಡಿದರೆ ಅವರ ನಡತೆ ವಿಚಾರಿಸಬೇಕಾಗುತ್ತದೆ ಎಂದು ಎಚ್ಚರಿಸಿ ಹೋದರು. "ಅಂದ್ರೆ ಕ್ಯಾನ್ಸರು ಲಗ್ನಪತ್ರಿಕೆ ನೋಡ್ಕೊಂಡೇ ಒಳೀಕೆ ಬರೋದು," ಎಂದಳು ಬೆಟ್ಟಮ್ಮ. ಎಲ್ಲರೂ ನಕ್ಕರು. ಬೆಟ್ಟಮ್ಮನಿಗೆ ಮಧ್ಯಾಹ್ನ ಒಳಗೆ ಡಾಕ್ಟರ ಸಾಲಿನಲ್ಲಿ ಡ್ಯೂಟಿ. ಸರ್ವಮಂಗಳಾಗೆ ಸಭೆ.

ಸಭಾಂಗಣ ಆಸ್ಪತ್ರೆಯ ಪಕ್ಕದಲ್ಲೇ, ಪರೀಕ್ಷೆಯ ಕೋಣೆಯ ಹಿಂಬಾಗಿಲಿಗೆ ಎದುರಾಗಿ. ಹೋಗುವ ದಾರಿಯಲ್ಲೇ ಧ್ವನಿವರ್ಧಕದಲ್ಲಿ ಅಪ್ಪಾಜಿ ಕೇಳಿಸತೊಡಗಿದ್ದರು. "ತಾಯಂದಿರೇ, ಸಂಕೋಚ ಬಿಟ್ಟು ಬನ್ನಿ! ನಿಮ್ಮ ನೋವನ್ನು ನುಂಗಿಕೊಳ್ಳಬೇಡಿ! ಹೆಣ್ಣು ಮೈಲಿಗೆಯಲ್ಲ, ಹೆಣ್ಣು ಮಹಾಶಕ್ತಿ!" ಚಪ್ಪಾಳೆ. ಸಭಾಂಗಣದ ಹೊರಗೆ, ಮೆಟ್ಟಿಲಿನಿಂದ ಆಚೆ, ಚರಂಡಿಯ ಪಕ್ಕದ ಚಪ್ಪಡಿಯ ಮೇಲೆ ಹಸಿರು ಸೀರೆಯ ಪುಟ್ಟಬಸಮ್ಮ ಕೂತು ತಲೆಯಾಡಿಸುತ್ತ ಭಾಷಣ ಕೇಳುತ್ತಿದ್ದಳು.

ಸರ್ವಮಂಗಳಾ ಸುತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹತ್ತಿರ ಹೋದಳು. "ಇನ್ನೂ ಹೋಗ್ಲಿಲ್ವೇನವ್ವಾ?"

"ನಿನ್ ಭಾಸಣ ಐತಂತಲ್ಲ ಮಗಾ. ಕೇಳ್ಕಂಡ್ ಓಗಾನ ಅಂತ."

"ಒಳಗೆ ಕೂರಬಾರದಾ?"

"ದೀಪ ಅಚ್ಚವ್ರೆ, ಸ್ವಾಮಿಗಳ ಪಟ ಮಡಗವ್ರೆ. ಎಂಗೆ ಒಳೀಕೆ ಓಗಾದು?" ಪುಟ್ಟಬಸಮ್ಮ ಮಗಳ ಟೋಪಿಯನ್ನು ಮೆಚ್ಚಿ ನೋಡಿದಳು. "ಬೆಳಗ್ಗೆ ಚೆಂದಾಗಿ ಕೇಳ್ದೆ ಕಣವ್ವ. ಯಾರ್ಗೂ ಗೊತ್ತಾಗ್ಲಿಲ್ಲ."

ಸರ್ವಮಂಗಳಾ ಮತ್ತೊಮ್ಮೆ ಸುತ್ತ ನೋಡಿದಳು. "ಯಾರವ್ವಾ ನಿನಗೆ ಇಲ್ಲಿಗೆ ಬಾ ಅಂದೋರು?"

"ನಿಮ್ಮಪ್ಪಾಜಿನೇ." ಪುಟ್ಟಬಸಮ್ಮ ಧ್ವನಿವರ್ಧಕದ ಕಡೆ ಗದ್ದ ತೋರಿಸಿದಳು. "ಅತ್ತು ದಿನದಿಂದ ಕನ್ನಡಿ ಮುಂದೆ ನಿಂತ್ಕಂಡು ತಾಯಂದಿರೇ ಬನ್ನಿ, ತಾಯಂದಿರೇ ಬನ್ನಿ ಅಂತ ಕೂಗ್ತಾವ್ರೆ. ಇತ್ತಿಲಿಗೆ ಕೇಳ್ತದಲ್ಲ. ನಾನೂ ತಾಯೇ ಅಲ್ವಾ ಅಂತ ಬಂದೆ." ನಗಲು ಹೋಗಿ, ಯಾವುದೋ ನೋವಿಗೆ ತುಟಿ ಕಚ್ಚಿಕೊಂಡಳು. ಅವರಿಗೆ ಹೇಳಬೇಡ ಎಂದಳು. ಹೋಗುತ್ತೇನೆ ಎಂದು ಕೈಯೂರಿ ಎದ್ದಳು.

ಚಪ್ಪಡಿಯ ಮೇಲೆ ಅವಳು ಕೂತಿದ್ದ ಜಾಗ ಒದ್ದೆಯಾಗಿತ್ತು. ಹಸಿರು ಸೀರೆಯ ಹಿಂಬದಿ ಕಪ್ಪಾಗಿತ್ತು. ಪುಟ್ಟಬಸಮ್ಮ ಸೆರಗಿನಿಂದಲೇ ಚಪ್ಪಡಿ ಒರೆಸಲು ಬಗ್ಗಿದಳು. ಅದೇ ಹೊತ್ತಿಗೆ ಸಭಾಂಗಣದ ಬಾಗಿಲಲ್ಲಿ ಮೇಟ್ರನ್ನಿನ ಬಿಳಿ ಗೌನು ಕಂಡಿತು. ಹಿಂದೆಯೇ ಬೆಳ್ಳಿ ಹಿಡಿಯ ಕೋಲು ಹಿಡಿದ ವೆಂಕಟಸುಬ್ಬಯ್ಯನವರು ಗಾಳಿಗೆಂದು ಹೊರಗೆ ಬರುತ್ತಿದ್ದರು. ಸರ್ವಮಂಗಳಾ ಅವ್ವನ ರಟ್ಟೆ ಹಿಡಿದಳು. ಮುಂದೆ ಯಾರಾದರೂ ಇದನ್ನು ಧೈರ್ಯವೆಂದಾರು, ಕರುಳೆಂದಾರು. ಆ ಗಳಿಗೆಯಲ್ಲಿ ಅವಳಿಗಿದ್ದದ್ದು ಒಂದೇ ಯೋಚನೆ, ಈ ಕಲೆಯನ್ನು ಇವರಿಬ್ಬರೂ ನೋಡಬಾರದು. ಕೈಗೆ ಸಿಕ್ಕ ಮೊದಲ ಬಾಗಿಲು ತಳ್ಳಿ ಅವ್ವನನ್ನು ಒಳಗೆ ನೂಕಿದಳು. ಅದು ಪರೀಕ್ಷೆಯ ಕೋಣೆಯ ಹಿಂಬಾಗಿಲು.

ಅರ್ಧಚಂದ್ರಾಕಾರದ ಸಾಲು ಒಟ್ಟಿಗೇ ತಿರುಗಿ ನೋಡಿತು. ಸಾಲಿನ ಕೊನೆಯಲ್ಲಿ ಬೆಟ್ಟಮ್ಮ. ಕೈತೊಳೆಯುತ್ತಿದ್ದ ಡಾಕ್ಟರ್ ಶಾಂತಾದೇವಿಯವರು, "ಏನು ನರ್ಸ್?" ಎಂದರು.

"ಪೇಷೆಂಟ್, ಡಾಕ್ಟ್ರೇ. ಬ್ಲೀಡಿಂಗ್."

ಡಾಕ್ಟರು ಪುಟ್ಟಬಸಮ್ಮನ ಮುಖ ನೋಡಿದರು, ಸೀರೆ ನೋಡಿದರು. ಮುಟ್ಟು ನಿಂತು ಎಷ್ಟು ವರ್ಷವಾಯಿತು, ಮತ್ತೆ ಶುರುವಾಗಿ ಎಷ್ಟು ದಿನ ಎಂದು ಕೇಳಿದರು. ಬೇಗ ಬೇಗ ಕೇಳಿದರು. "ಬೆಳಗ್ಗೆಯಿಂದ ಎಲ್ಲರನ್ನೂ ನೋಡ್ತಾ ಇದ್ದೀನಲ್ಲ ತಾಯಿ, ಬೆಳಗ್ಗೇನೇ ಬರಬಾರದಾಗಿತ್ತಾ?"

"ಇದೇ ಈಗ ಬಂದೆ ಕಣ್ರವ್ವ," ಎಂದಳು ಪುಟ್ಟಬಸಮ್ಮ.

ಬೆಟ್ಟಮ್ಮ ತಲೆಯೆತ್ತಿ ಆ ಹಸಿರು ಸೀರೆಯನ್ನು ನೋಡಿದಳು, ಆಮೇಲೆ ಸರ್ವಮಂಗಳಾಳನ್ನು ನೋಡಿದಳು.

ಮಲಗಿಸಿದರು. ಸೆರಗನ್ನು ಮುಖದ ಮೇಲೆ ಎಳೆದರು. "ಟಾರ್ಚ್ ಹಿಡಿ," ಎಂದರು ಡಾಕ್ಟರು. ಸರ್ವಮಂಗಳಾ ಹಿಡಿದಳು. ಕೊಕ್ಕಿನಂಥ ಲೋಹದ ಉಪಕರಣ ತೆರೆದುಕೊಂಡಿತು. ಟಾರ್ಚಿನ ದುಂಡನೆಯ ಬೆಳಕಿನಲ್ಲಿ ಪಠ್ಯಪುಸ್ತಕದ ಬಣ್ಣದ ಪುಟ ಹಾಗೆಯೇ ಎದ್ದು ಬಂದಿತ್ತು. ಇಷ್ಟು ಸ್ಪಷ್ಟವಾಗಿ ಅದು ಪುಸ್ತಕದಲ್ಲೂ ಇರಲಿಲ್ಲ. ತಾನು ಹುಟ್ಟಿ ಬಂದ ದಾರಿ ಎಂಬ ಯೋಚನೆ ಬಂದು, ಎಲ್ಲೂ ನಿಲ್ಲಲು ಜಾಗ ಸಿಗದೆ ಹೊರಟುಹೋಯಿತು. ಡಾಕ್ಟರು ಕಡ್ಡಿಯನ್ನು ತೆಗೆದುಕೊಂಡವರು ಮತ್ತೆ ಕೆಳಗಿಟ್ಟರು. ಇದಕ್ಕೆ ಗಾಜಿನ ಪಟ್ಟಿ ಬೇಕಿರಲಿಲ್ಲ.

"ಏನು ಕಾಣುತ್ತೆ, ಹೇಳು. ಎಲ್ಲರೂ ಕೇಳಲಿ."

ಬಾಯಿ ಹೇಳಿತು. ಇಂಗ್ಲಿಷಿನಲ್ಲಿ ಹೇಳಿತು, ಒಂದು ಶಬ್ದವೂ ತಪ್ಪದೆ. ಕಾಲಿಫ್ಲವರ್ ಗ್ರೋತ್, ಮ್ಯಾಡಮ್. ಹೂಕೋಸಿನಂಥ ಗಡ್ಡೆ ಗರ್ಭಕೊರಳನ್ನು ಪೂರ್ತಿ ಆವರಿಸಿದೆ. ಮುಟ್ಟಿದರೆ ರಕ್ತ. ಪಕ್ಕದ ಗೋಡೆಗೂ ಹಬ್ಬಿದೆ. ಯಾವ ಹಂತ, ಆ ಹಂತದಲ್ಲಿ ಏನು ಮಾಡಬಹುದು, ಏನು ಮಾಡಲಾಗದು. ಹೇಳುವಾಗ ಅವಳಿಗೆ ಅಸಹ್ಯವಾಗುವಷ್ಟು ಸರಾಗವಾಗಿ ಬಂತು. ಗೋಡೆಯ ಆಚೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು.

"ವೆರಿ ಗುಡ್," ಎಂದರು ಡಾಕ್ಟರು. "ನೋಡ್ರಮ್ಮ, ಹೀಗೆ ಹೇಳಬೇಕು. ಜಾಣೆ."

ಸೆರಗಿನ ಕೆಳಗಿನಿಂದ ಪುಟ್ಟಬಸಮ್ಮನ ಧ್ವನಿ ಬಂತು. "ನಮ್ಮುಡ್ಗಿ ಕಣ್ರವ್ವ ಅವ್ಳು."

ಪುಟ್ಟಬಸಮ್ಮ ಸೆರಗನ್ನು ತಾನೇ ಸರಿಸಿದಳು. ಬೆವೆತ ಮುಖದಲ್ಲಿ ವಿಭೂತಿ ಕದಡಿತ್ತು. ಆಡಬಾರದೆಂದು ಹಟ ಹಿಡಿದಿದ್ದ ಮಾತು ಹೆಮ್ಮೆಗೆ ಬಾಯಿಂದ ಜಾರಿಬಿಟ್ಟಿತ್ತು. ಈಗ ಏನು ಮಾಡಲಿ ಎಂದು ಮಗಳನ್ನು ನೋಡಿದಳು. "ಸಣ್ಣೋಳಿದ್ದಾಗ್ಲೂ ಇಂಗೇ, ಯಾರ್ ಕೇಳುದ್ರೂ ಪಟಪಟ ಅಂತ ಒಪ್ಪುಸೋಳು. ಅದೇನಂದ್ಲೋ, ಒಳ್ಳೇದೇ ಅಂದಿರ್ತಾಳೆ."

ಡಾಕ್ಟರು ನಿಧಾನವಾಗಿ ಉಪಕರಣ ತೆಗೆದರು. ಕಾಲ ಮೇಲೆ ಬಟ್ಟೆ ಎಳೆದರು. "ನಿನ್ನ ತಾಯಿಯೇ?"

"ಹೌದು."

"ನಿನಗೆ ಯಾವತ್ತು ಗೊತ್ತಾಯ್ತು?"

"ಅವ್ಳಿಗೇನ್ ಗೊತ್ತು ಡಾಕ್ಟ್ರವ್ವ," ಎಂದಳು ಪುಟ್ಟಬಸಮ್ಮ ಅವಸರದಿಂದ. "ಓದೋ ಮಗ ಅಂತ ನಾನೇ ಏಳ್ನಿಲ್ಲ. ಈಗ ಬಂದೆ, ಕರ್ಕಂಡ್ ಬಂದ್ಬುಟ್ಲು."

"ಇಲ್ಲ," ಎಂದಳು ಸರ್ವಮಂಗಳಾ. ಈ ಸಲ ಬಾಯಿ ಅವಳದೇ ಆಗಿತ್ತು, ಆದ್ದರಿಂದ ತೊದಲಿತು. "ಭಾನುವಾರವೇ ಗೊತ್ತಿತ್ತು. ಬೆಳಗ್ಗೆ ಅವ್ವ ಬಂದಿತ್ತು. ನಾನೇ... ನಿಂತ ಮೇಲೆ ಬನ್ನಿ ಅಂತ ನಾನೇ ವಾಪಸ್ ಕಳಿಸ್ದೆ. ಬೇರೆ ಮುದುಕೀರನ್ನೂ ಕಳಿಸಿದ್ದೀನಿ."

"ಸುಳ್ಳು ಕಣ್ರವ್ವ!" ಪುಟ್ಟಬಸಮ್ಮ ಮೊಣಕೈಯೂರಿ ಏಳಲು ಹೋದಳು. "ಇವ್ಳು ಯಾವಾಗ್ಲೂ ಇಂಗೆಯ. ಮನೇಲಿ ಯಾರ್ ಏನ್ ಮಾಡುದ್ರೂ ನಾನೇ ಮಾಡ್ದೆ ಅಂತ ಮೈಮ್ಯಾಕೆ ಆಕ್ಕೊಳೋಳು. ನಂಬ್ಬೇಡಿ. ನಾನ್ ಬೆಳಗ್ಗೆ ಬಂದೇ ಇಲ್ಲ."

ಡಾಕ್ಟರ್ ಶಾಂತಾದೇವಿಯವರ ಮುಖದಲ್ಲಿ ಏನೋ ಕರಗಿತು. ಅವರು ಸರ್ವಮಂಗಳಾಳ ಭುಜದ ಮೇಲೆ ಕೈಯಿಟ್ಟರು. "ಹೀಗೆಲ್ಲ ಅಂದ್ಕೋಬಾರದು ಮರಿ. ತಾಯಿ ಅಂದ ಮೇಲೆ ತಪ್ಪೆಲ್ಲ ನಮ್ಮದೇ ಅನ್ಸುತ್ತೆ. ಬೆಂಗಳೂರಿನ ಆಸ್ಪತ್ರೆಗೆ ಬರ್ಕೊಡ್ತೀನಿ, ನೋಡೋಣ." ಸಾಲಿನಲ್ಲಿ ಇಬ್ಬರು ಮೂವರು ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಥ ಮಗಳು, ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಕೇಳಿಸಿತು.

ಸರ್ವಮಂಗಳಾ ಬೆಟ್ಟಮ್ಮನ ಕಡೆ ನೋಡಿದಳು. ಬೆಳಗ್ಗೆ ಜಗಲಿಯಲ್ಲಿ ಜೊತೆಗಿದ್ದವಳು ಅವಳೊಬ್ಬಳೇ. ಹೇಳೇ, ಎಂದು ಕಣ್ಣಿನಲ್ಲೇ ಬೇಡಿದಳು. ನೀನು ಪಕ್ಕದಲ್ಲೇ ಕೂತಿದ್ದೆ, ಹೆಸರು ಕೇಳಿದ್ದೇ ನೀನು. ವಾರ್ಡನ್ನಿಗೆ ಹೆದರದವಳು, ಮೇಟ್ರನ್ನಿಗೆ ಹೆದರದವಳು, ಇದೊಂದು ಮಾತು ಹೇಳಿಬಿಡೇ.

ಬೆಟ್ಟಮ್ಮ ಮೇಜಿನ ಮೇಲಿನ ಹೆಂಗಸನ್ನು ನೋಡಿದಳು. ಆ ಹೆಂಗಸು ಯಾರಿಗೂ ಕಾಣದಂತೆ ಅವಳ ಕಡೆ ಬೆರಳಾಡಿಸಿ, ಬೇಡವ್ವಾ ಎಂದು ಸನ್ನೆ ಮಾಡುತ್ತಿದ್ದಳು. ಬೆಟ್ಟಮ್ಮ ಡಾಕ್ಟರ ಕಡೆ ತಿರುಗಿದಳು.

"ಔದು ಡಾಕ್ಟ್ರೇ," ಎಂದಳು. "ಬೆಳಗ್ಗೆಯಿಂದ ನಾನೂ ಬೆಂಚಲ್ಲೇ ಇದ್ದೆ. ಇವ್ರು ಬಂದಿರ್ಲಿಲ್ಲ."